ಕಂಬಳಿ ಹೊರಗಿರಲಿ

ಗೋನೆಗಂಡ್ಲ
12-9-1938

ಅಣ್ಣಾ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಇಲ್ಲ ಎಂದು ಬರೆದರೆ ನೀನು ಗಾಬರಿಯಾಗುತ್ತೀ. ಆದ್ದರಿಂದ ಮೂಗೊಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ ಎಂದು ತಿಳಿ. ಅತ್ತಿಗೆ ಜಯಕ್ಕನಿಗೂ ಹಾಗೆಯೇ ಹೇಳು.

ಹೋದ ವರ್ಷ ಮದುವೆಯಾಗಿ ಬಂದ ಹೊಸತರಲ್ಲಿ ಶುರುವಾಗಿದ್ದ ಸೀನು ಈ ವರ್ಷವೂ ತಪ್ಪದೆ ಬಂದಿದೆ. ಹೊಲದಲ್ಲಿ ಸಜ್ಜೆ ಹೂ ಬಿಟ್ಟಿತೆಂದರೆ ನನ್ನ ಮೂಗಿಗೆ ಹಬ್ಬ. ಕಣ್ಣು ಬಿಡುವ ಮೊದಲೇ ಸೀನು, ಕಣ್ಣಲ್ಲಿ ನೀರು, ಅಂಗುಳಿನಲ್ಲಿ ಕೆರೆದಂತೆ ತುರಿಕೆ. ಅಪ್ಪ ಕುರಿ ಮಾರಿ ಆದೋನಿಯ ಹತ್ತಿ ಪ್ರೆಸ್ಸಿಗೆ ಸೇರಿದ ಮೇಲೆ ನಾವಿಬ್ಬರೂ ಪೇಟೆಯಲ್ಲೇ ಬೆಳೆದೆವಲ್ಲ, ಅಲ್ಲಿ ಇದರ ಸುಳಿವೇ ಇರಲಿಲ್ಲ. ಇಲ್ಲಿ ಹಿತ್ತಲ ಗೋಡೆ ದಾಟಿದರೆ ಆಳೆತ್ತರದ ಸಜ್ಜೆ.

ಅತ್ತೆಗೆ ನನ್ನ ಮೇಲೆ ಸಿಟ್ಟೇನೂ ಇಲ್ಲ. ಅವರ ಉಪಚಾರ ತಡೆದುಕೊಳ್ಳುವುದೇ ಕಷ್ಟ. ದಿನಾ ಸಂಜೆ ಗಡಿಗೆಯಲ್ಲಿ ತುಳಸಿ, ತುಂಬೆ ಸೊಪ್ಪು, ಒಂದು ಹಿಡಿ ಅಜವಾನ ಹಾಕಿ ಕುದಿಸುತ್ತಾರೆ. ನನ್ನನ್ನು ಅದರ ಮುಂದೆ ಕೂಡಿಸಿ, ನಮ್ಮ ಮನೆಯವರು ಕುರಿ ಕಾಯ್ದು ಬಂದು ಬಿಚ್ಚಿದ ಕಂಬಳಿಯನ್ನೇ ತಲೆಯ ಮೇಲಿಂದ ಹೊದಿಸಿ, ಅಂಚನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ. "ಎಷ್ಟ್ ಸೀನ್ತಿ ಸೀನು, ರೋಗ ಹೊರಗ ಬರ್ತೈತಿ" ಎನ್ನುತ್ತಾರೆ. ನಿನ್ನೆ ಒಳಗೆ ಕುಳಿತು ಎಣಿಸಿದೆ, ಇಪ್ಪತ್ತೇಳು. ರೋಗ ಹೊರಗೆ ಬಂದದ್ದು ಕಾಣಲಿಲ್ಲ.

ಮಾವನವರದು ಬೇರೆ ಸಂಕಟ. ಮೊನ್ನೆ ಉರುಕುಂದದ ಈರಣ್ಣಸ್ವಾಮಿಗೆ ಕೈಮುಗಿದು ಬರಲು ಹೊರಟಿದ್ದರು. ಹೊಸ್ತಿಲು ದಾಟಿದರು, ನಾನು ಸೀನಿದೆ. ಒಂಟಿ ಸೀನು. ಹಿಂದಕ್ಕೆ ಬಂದು ಕುಳಿತು ನೀರು ಕುಡಿದು ಮತ್ತೆ ಎದ್ದರು, ಮತ್ತೆ ಒಂಟಿ ಸೀನು. ಎರಡನೆಯದು ಜೋಡಿಯಾಗಿ ಬರಲಿ ಎಂದು ನಾನೇ ಮೂಗು ತಿಕ್ಕಿಕೊಂಡೆ, ಬರಲಿಲ್ಲ. ಮೂರನೆಯ ಸಲಕ್ಕೆ ಅವರು ಚಪ್ಪಲಿ ಕಳಚಿಟ್ಟು, "ಈ ಹುಡುಗಿ ಇರೋತನಕ ನಾ ಊರ ದಾಟಾಂಗಿಲ್ಲ" ಎಂದು ಗೋಡೆಗೆ ಒರಗಿಬಿಟ್ಟರು. ನಗು ಬಂತು, ಆದರೆ ನಗುವ ಹೊತ್ತಲ್ಲ ಅದು.

ನೀನು ಡಾಕ್ಟರರ ಹತ್ತಿರ ಕಂಪೌಂಡರಾಗಿ ದಿನವಿಡೀ ಬಣ್ಣದ ನೀರು ಬೆರೆಸುತ್ತೀಯಲ್ಲ, ಅದರಲ್ಲಿ ನನ್ನ ಮೂಗಿಗೆ ಹೊಂದುವ ಬಣ್ಣ ಯಾವುದಾದರೂ ಇದ್ದರೆ ಸುಂಕಣ್ಣನ ಬಂಡಿಯಲ್ಲಿ ಕಳಿಸು.

ನಿನ್ನ ತಂಗಿ
ಜಂಬಮ್ಮ

ಆದೋನಿ
21-9-1938

ಚಿ. ಜಂಬಮ್ಮನಿಗೆ ಆಶೀರ್ವಾದ.

ಬಣ್ಣದ ನೀರು ಎನ್ನಬೇಡ. ಸುಂಕಣ್ಣನ ಕೈಯಲ್ಲಿ ಕಳಿಸಿರುವ ಸೀಸೆ ಡಾಕ್ಟರರನ್ನು ಕೇಳಿಯೇ ಬೆರೆಸಿದ್ದು. ಚೆನ್ನಾಗಿ ಅಲ್ಲಾಡಿಸಿ, ಊಟವಾದ ಮೇಲೆ ಒಂದು ಚಮಚ, ಮೂರು ಹೊತ್ತು. ಕೊಟ್ರಮ್ಮ ಅತ್ತೆ ಮಾಡುವ ಹಬೆಯನ್ನು ತಪ್ಪಿಸಬೇಡ. ಹಬೆ ಒಳ್ಳೆಯದೆಂದು ನಮ್ಮ ಡಾಕ್ಟರೂ ಹೇಳುತ್ತಾರೆ. ಅವರು ಹೊದಿಸಿದ ಹಾಗೆ ಕಂಬಳಿಯನ್ನು ಗಟ್ಟಿಯಾಗಿ ಹೊದ್ದುಕೊಂಡು ಕೂಡು, ಬೆವರು ಬರಲಿ.

ಒಂದು ಮಾತು ಕೇಳುತ್ತೇನೆ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತದೆಯೇ? ಮೊದಲಿಗಿಂತ ಬಡಕಲಾಗಿದ್ದೀಯಾ? ಕಫದಲ್ಲಿ ಏನಾದರೂ ಬಣ್ಣ ಕಂಡಿತೇ? ಸುಮ್ಮನೆ ಕೇಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಾರೆಣ್ಣ ಮಾವ ಊರಿನ ಲೆಕ್ಕ ಬರೆಯುವ ಕರಣಂ ಗೋವಿಂದಪ್ಪನವರ ಕೈಯಲ್ಲಿ ನನಗೊಂದು ಕಾಗದ ಬರೆಸಿದ್ದರು. ಬರೀ ಯೋಗಕ್ಷೇಮದ್ದು. ನಾನೂ ಎರಡು ಸಾಲು ಉತ್ತರ ಬರೆದೆ. ನೀನು ಅದರ ಗೊಡವೆಗೆ ಹೋಗಬೇಡ, ಹಿರಿಯರು ಹೇಳಿದಂತೆ ಕೇಳಿಕೊಂಡಿರು.

ಉಚ್ಚೀರಪ್ಪ

ಗೋನೆಗಂಡ್ಲ
1-10-1938

ಅಣ್ಣಾ,

ನಿನ್ನ ಸೀಸೆಯ ಔಷಧಿಗೆ ಒಳ್ಳೆಯ ಗುಣವಿದೆ. ಕುಡಿದರೆ ಸಾಕು, ನಾನು ಮಲಗುತ್ತೇನೆ, ಸೀನು ಮಾತ್ರ ಎದ್ದೇ ಇರುತ್ತದೆ. ಮೊನ್ನೆ ಬೀಸುಕಲ್ಲಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಅತ್ತೆ ಬಂದು ನೋಡಿ ಜೀವ ಹೋಯಿತೆಂದು ಬಾಯಿ ಬಡಿದುಕೊಂಡರಂತೆ. ಉಳಿದದ್ದನ್ನು ಬೇವಿನ ಗಿಡದ ಬುಡಕ್ಕೆ ಸುರಿದಿದ್ದೇನೆ. ಗಿಡ ಇನ್ನೂ ಎಚ್ಚರವಾಗಿದೆ.

ಸಂಜೆ ಜ್ವರವಿಲ್ಲ. ಬಡಕಲಾಗಿಲ್ಲ, ಬಳೆ ಬಿಗಿಯಾಗಿವೆ. ಕಫದಲ್ಲಿ ಕಫ ಬಿಟ್ಟು ಬೇರೇನೂ ಇಲ್ಲ. ನೀನು ಸುಮ್ಮನೆ ಕೇಳುವವನಲ್ಲ.

ಇಲ್ಲಿ ಒಂದು ಹೊಸದು ನಡೆದಿದೆ. ವಾರದಿಂದ ನನಗೆ ಬೇರೆ ತಾಟು. ಅಂಚು ಸೊಟ್ಟಾದ ಅಲ್ಯೂಮಿನಿಯಂ ತಾಟು, ಅದರ ಜೊತೆ ಒಂದು ಲೋಟ. ತೊಳೆದು ಬೇರೆ ಗೂಡಿನಲ್ಲಿ ಇಡಬೇಕು. "ಯಾಕ್ರಿ ಅತ್ತಿ?" ಎಂದರೆ, "ತಿಳಿದೋರು ಹೇಳ್ಯಾರವ್ವ, ಹಂಗ ಮಾಡು" ಎನ್ನುತ್ತಾರೆ. ಯಾರು ಆ ತಿಳಿದವರು ಎಂದರೆ ನೆಲ ನೋಡುತ್ತಾರೆ. ಹಸು ಕಟ್ಟುವ ಅಂಕಣದಲ್ಲಿ ಕುಳಿತು ಉಣ್ಣುತ್ತೇನೆ. ಹಸುವಿಗೆ ನನ್ನ ಸೀನಿನ ಭಯವಿಲ್ಲ.

ಮಾವ ಸುಮ್ಮನೆ ಯೋಗಕ್ಷೇಮಕ್ಕೆ ಕರಣಂ ಮನೆಯ ಕಟ್ಟೆ ಹತ್ತುವವರಲ್ಲ. ಆ ಕಾಗದದಲ್ಲಿ ಏನಿತ್ತು? ನೀನು ಬರೆದ ಎರಡು ಸಾಲು ಯಾವುವು?

ಜಂಬಮ್ಮ

ಆದೋನಿ
8-10-1938

ಚಿ. ಜಂಬಮ್ಮನಿಗೆ,

ಕಾಗದ ತಲುಪಿತು. ಕೆಲಸ ಬಹಳ ಇರುವುದರಿಂದ ಚಿಕ್ಕದಾಗಿ ಬರೆಯುತ್ತೇನೆ. ದೀಪಾವಳಿಗೆ ಬಂದುಬಿಡು. ಸುಂಕಣ್ಣನ ಬಂಡಿಗೆ ಹೇಳಿದ್ದೇನೆ. ಜಯಕ್ಕ ನಿನ್ನ ದಾರಿ ಕಾಯುತ್ತಿದ್ದಾಳೆ. ಬರುವಾಗ ನಿನ್ನ ಪೆಟ್ಟಿಗೆಯನ್ನೂ ತಾ. ನಾಲ್ಕು ತಿಂಗಳು ಆರಾಮವಾಗಿ ಇರುವಿಯಂತೆ.

ಉಚ್ಚೀರಪ್ಪ

ಗೋನೆಗಂಡ್ಲ
20-1-1939

ಉಚ್ಚೀರಪ್ಪನವರಿಗೆ,

ದೀಪಾವಳಿಗೆ ಬರಲಿಲ್ಲವೆಂದು ನಿಮಗೆ ಬೇಸರವಾಗಿದ್ದೀತು. ನಡೆದದ್ದನ್ನು ಸುಂಕಣ್ಣ ಅರ್ಧ ಹೇಳಿರುತ್ತಾನೆ, ಉಳಿದರ್ಧ ನಾನು ಬರೆಯುತ್ತೇನೆ.

ಬಂಡಿ ಬಾಗಿಲಿಗೆ ಬಂದಾಗ ನನ್ನ ಪೆಟ್ಟಿಗೆ ಆಗಲೇ ಅಂಗಳದಲ್ಲಿತ್ತು. ಅತ್ತೆಯೇ ತುಂಬಿಸಿದ್ದರು. ಚಳಿಗಾಲದ ಸೀರೆ, ಮದುವೆಯ ಸೀರೆ, ನನ್ನ ಅರಿಶಿನ ಕುಂಕುಮದ ಭರಣಿ, ಎಲ್ಲ. ಹಬ್ಬಕ್ಕೆ ಹೋಗುವವಳಿಗೆ ಇಷ್ಟು ಸಾಮಾನು ಯಾಕೆ ಎಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಬಿಸಿಲೇರುವ ತನಕ ಏಳಲಿಲ್ಲ. ಆಗ ಅತ್ತೆಯ ಬಾಯಿಂದ ಬಂತು. ನನಗೆ ಕ್ಷಯವಂತೆ. ಮನೆಯಲ್ಲಿ ಇಟ್ಟುಕೊಳ್ಳುವ ರೋಗವಲ್ಲವಂತೆ. ಇವರಿಗೆ ಮಂತ್ರಾಲಯದ ಕಡೆ ಒಂದು ಹೆಣ್ಣು ನೋಡಿದ್ದಾರಂತೆ.

"ರೋಗ ಐತಿ ಅಂತ ಕಳಸ್ತಿದ್ರ, ರೋಗ ಯಾವುದಂತ ಮದ್ಲು ಗೊತ್ತು ಮಾಡ್ರಿ. ಅಲ್ಲೀತನಕ ಈ ಪೆಟ್ಟಿಗಿ ಏಳಾಂಗಿಲ್ಲ, ನಾನೂ ಏಳಾಂಗಿಲ್ಲ" ಎಂದೆ. ಸೊಸೆಯ ದನಿ ಓಣಿಗೆ ಕೇಳಬಾರದಂತೆ. ಅವತ್ತು ಚೆನ್ನಾಗಿಯೇ ಕೇಳಿತು.

ನಮ್ಮ ಮನೆಯವರು ಮಾತು ಕಡಿಮೆ ಎಂದು ನಿಮಗೆ ಗೊತ್ತು. ಕುರಿಗಳ ಜೊತೆ ಆಡಿದಷ್ಟನ್ನು ಮನುಷ್ಯರ ಜೊತೆ ಆಡುವುದಿಲ್ಲ. ಅವರು, "ಅಪ್ಪಾ, ಹ್ವಾದ ವರ್ಷ ಸಜ್ಜಿ ಕೊಯ್ದ ಮ್ಯಾಲ ಆಕಿ ಸೀನು ನಿಂತಿತ್ತು. ಈ ವರ್ಷನೂ ನೋಡೂಣು" ಎಂದರು. ಅಷ್ಟೇ. ಸುಂಕಣ್ಣ ಖಾಲಿ ಬಂಡಿ ಹೊಡೆದುಕೊಂಡು ಹೋದ.

ಸಜ್ಜೆ ಕೊಯ್ದರು, ನನ್ನ ಸೀನು ನಿಂತಿತು. ಇವತ್ತಿಗೆ ಎರಡು ತಿಂಗಳಾಯಿತು, ಮೂಗು ತೊಳೆದಿಟ್ಟ ಪಾತ್ರೆಯ ಹಾಗಿದೆ. ಕುಡುಗೋಲು ಕಂಡು ಓಡುವ ಕ್ಷಯ ಯಾವುದಾದರೂ ನಿಮ್ಮ ಡಾಕ್ಟರರ ಪುಸ್ತಕದಲ್ಲಿದೆಯೇ? ಆದರೂ ಮಾವ ಪೂರ್ತಿ ಒಪ್ಪಿಲ್ಲ. ಮುಂದಿನ ಸಜ್ಜೆ ಹೂವಿನ ತನಕ ಗಡುವು. ಆಗ ಮತ್ತೆ ಸೀನು ಬಂದರೆ ನಾನು ಹೋಗಬೇಕು, ಆ ಹೆಣ್ಣು ಬರಬೇಕು. ತಾಟು ಬೇರೆಯೇ ಇದೆ.

ಇನ್ನೊಂದು ಮಾತಿದೆ. ಅದನ್ನು ಈಗ ಬರೆಯುವುದಿಲ್ಲ.

ಜಂಬಮ್ಮ

ಆದೋನಿ
2-2-1939

ಚಿ. ಜಂಬಮ್ಮನಿಗೆ,

ನಿನ್ನ ಕಾಗದ ಓದಿ ಒಂದು ಕಡೆ ಸಮಾಧಾನ, ಒಂದು ಕಡೆ ಸಿಟ್ಟು. ಆರೋಗ್ಯ ಸುಧಾರಿಸಿದ್ದು ಸಂತೋಷ. ಆದರೆ ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಹಿರಿಯರಿಗೆ ಎದುರಾಡುವುದನ್ನು ನಮ್ಮ ಮನೆಯಲ್ಲಿ ಯಾರು ಕಲಿಸಿದರು? ಎರ್ರಿಸ್ವಾಮಿ ತಾಳ್ಮೆಯ ಮನುಷ್ಯ, ಇಲ್ಲದಿದ್ದರೆ ಅವತ್ತೇ ಕತೆ ಮುಗಿಯುತ್ತಿತ್ತು.

ನನಗೆ ನೀವು ಎಂದು ಬರೆಯಲು ಶುರು ಮಾಡಿದ್ದೀಯೆ. ಗಂಡನ ಮನೆ ಅಷ್ಟಾದರೂ ಮರ್ಯಾದೆ ಕಲಿಸಿದೆ ಎಂದು ಜಯಕ್ಕನಿಗೆ ಹೇಳಿದೆ. ಆಕೆ, "ಆಕಿ ಸಿಟ್ಟು ಬಂದ್ರ ಹಂಗ ಮಾತಾಡ್ತಾಳ, ನಿಮಗ ಗೊತ್ತಿಲ್ಲ" ಎಂದಳು. ಹೆಂಗಸರ ಮಾತು.

ಮುಂದಿನ ಸಜ್ಜೆಗೆ ಏನಾದರೂ ಆಗಲಿ, ಅಣ್ಣನ ಮನೆಯಲ್ಲಿ ನಿನಗೊಂದು ಮೂಲೆ ಇದ್ದೇ ಇದೆ. ಹಟ ಬಿಡು.

ಉಚ್ಚೀರಪ್ಪ

ಆದೋನಿ
6-9-1939

ಚಿ. ಜಂಬಮ್ಮನಿಗೆ,

ಏಳು ತಿಂಗಳಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ನಾನು ಹಾಕಿದ ಮೂರಕ್ಕೂ ಉತ್ತರವಿಲ್ಲ. ಎಮ್ಮಿಗನೂರಿನಿಂದ ಬಂದವರು ಆ ಕಡೆಯೆಲ್ಲ ಸಜ್ಜೆ ಹೂ ಬಿಟ್ಟಿದೆ ಎಂದರು. ಯೂರೋಪಿನಲ್ಲಿ ಯುದ್ಧ ಶುರುವಾಗಿದೆ. ಸೀಮೆಯ ಔಷಧಿ ಬರುವುದು ಇನ್ನು ಕಷ್ಟವೆಂದು ಡಾಕ್ಟರು ಹೇಳುತ್ತಿದ್ದಾರೆ. ನಿನಗೆ ಕಳಿಸಲು ನನ್ನ ಹತ್ತಿರ ಏನೂ ಇಲ್ಲ.

ಮಾರೆಣ್ಣ ಮಾವ ಮತ್ತೆ ಬರೆಸಿದ್ದಾರೆ. ನಿನ್ನ ಸೀನು ಮರಳಿದೆಯಂತೆ. ಈ ಸಲ ನಾನೇ ಬಂಡಿ ತೆಗೆದುಕೊಂಡು 25ನೇ ತಾರೀಖು ಬರುತ್ತೇನೆ. ಅಂಗಳದಲ್ಲಿ ರಾದ್ಧಾಂತ ಮಾಡಬೇಡ, ಕೈಮುಗಿದು ಕೇಳುತ್ತೇನೆ.

ಉಚ್ಚೀರಪ್ಪ

ಗೋನೆಗಂಡ್ಲ
13-9-1939

ಉಚ್ಚೀರಪ್ಪನವರಿಗೆ,

ಬಂಡಿ ಕಟ್ಟುವ ಮೊದಲು ಇದನ್ನು ಪೂರ್ತಿ ಓದಿ.

ಹೋದ ದೀಪಾವಳಿಗೆ, ಬಂಡಿ ಖಾಲಿ ಹೋದ ಮೇಲೆ, ಸುಣ್ಣ ಬಳಿಯುವಾಗ ಜಂತಿಯ ಸಂದಿಯಲ್ಲಿ ಒಂದು ಕಾಗದ ಸಿಕ್ಕಿತು. ಈ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಕರಣಂ ಓದಿ ಹೇಳಿದ ಮೇಲೆ ಭದ್ರವಾಗಿರಲೆಂದು ಅಲ್ಲಿ ಸಿಕ್ಕಿಸಿದ್ದರು. ನನಗೆ ಓದಲು ಬರುತ್ತದೆ. ಕಲಿಸಿದವರು ನೀವೇ. ಅಕ್ಷರ ಕಂಡ ಕೂಡಲೇ ಯಾರದೆಂದು ಗೊತ್ತಾಯಿತು. "ಇದು ಕ್ಷಯದ ಮೊದಲಾಗಿರಬಹುದು. ತಾಟು, ಲೋಟ ಬೇರೆ ಇಡಿ. ಎರ್ರಿಸ್ವಾಮಿಯ ಹಾಸಿಗೆ ಬೇರೆ ಮಾಡಿ. ನಾನು ಕರೆದುಕೊಂಡು ಹೋಗುತ್ತೇನೆ." ಮಾವ ಕೇಳಿದ್ದು ಸೊಸೆ ಯಾಕೆ ಸೀನುತ್ತಾಳೆ ಎಂದು ಮಾತ್ರವಂತೆ. ಕ್ಷಯ ಎಂಬ ಮಾತು ಈ ಮನೆಗೆ ಬಂದದ್ದು ನಿಮ್ಮ ಮಸಿಯಲ್ಲಿ.

ನನ್ನನ್ನು ನೋಡಲಿಲ್ಲ, ಎದೆಗೆ ಕಿವಿಯಿಡಲಿಲ್ಲ, ನನ್ನ ಉತ್ತರಕ್ಕೂ ಕಾಯಲಿಲ್ಲ. ಒಂದು ವರ್ಷ ನಾನು ಹಸುವಿನ ಪಕ್ಕ ಕುಳಿತು ಉಂಡೆ. ಅತ್ತೆ ನೆಲ ನೋಡಿದ್ದು ನಿಮ್ಮ ಮರ್ಯಾದೆ ಉಳಿಸಲು. ನನಗೆ ಸಿಟ್ಟಿದೆ. ಅಳು ಬಂದದ್ದು ಆಗಲೇ ಮುಗಿದಿದೆ.

ಈಗ ಸೀನಿನ ಮಾತು. ಹೌದು, ಮರಳಿದೆ. ಹೋದ ವಾರ ಅತ್ತೆ ಗೌಡರ ಮನೆಯ ಬಾಣಂತಿಗೆ ನೀರು ಹಾಕಲು ಹೋಗಿದ್ದರು. ಪಕ್ಕದ ಒಕ್ಕಲು ಮನೆಯ ಗಿಡ್ಡಮ್ಮ ನನ್ನ ಅವಸ್ಥೆ ನೋಡಲಾಗದೆ, "ರಾ ಅಮ್ಮಾ, ನಮ್ಮನ್ಯಾಗ ಕೂಡು" ಎಂದು ಕರೆದಳು. ಅದೇ ತುಳಸಿ, ಅದೇ ತುಂಬೆ, ಅದೇ ಅಜವಾನ. ಅವರು ಕುರಿ ಸಾಕುವವರಲ್ಲ, ಮನೆಯಲ್ಲಿ ಕಂಬಳಿ ಇಲ್ಲ. ಒಗೆದಿಟ್ಟ ಹಳೆಯ ನೂಲಿನ ಸೀರೆ ಹೊದಿಸಿದಳು. ಐದು ನಿಮಿಷಕ್ಕೆ ಮೂಗು ತೆರೆಯಿತು. ಎರಡು ಹೊಳ್ಳೆಯಿಂದ ಉಸಿರಾಡಿ ಎಷ್ಟು ದಿನವಾಗಿತ್ತೋ! ಮರುದಿನ ನಮ್ಮ ಮನೆಯಲ್ಲಿ ಕಂಬಳಿಯೊಳಗೆ ಕುಳಿತೆ. ಮೂವತ್ತೊಂದು ಸೀನು.

ಗಡಿಗೆ ಒಂದೇ, ಸೊಪ್ಪು ಒಂದೇ, ಮೂಗೂ ಒಂದೇ. ಬೇರೆಯಾದದ್ದು ಹೊದಿಕೆ. ಕಂಬಳಿಯನ್ನು ಬಿಸಿಲಿಗೆ ಒಯ್ದು, ಕರಿಯ ಒಗೆಯುವ ಕಲ್ಲಿನ ಮೇಲೆ ಹಿಡಿದು ಕೋಲಿನಿಂದ ಬಡಿದೆ. ಕಲ್ಲೆಲ್ಲ ಹಳದಿಯಾಯಿತು. ಸಜ್ಜೆ ಹೂವಿನ ಪುಡಿ! ಇವರು ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮುಂಜಾನೆಯಿಂದ ಸಂಜೆತನಕ ಸಜ್ಜೆಯ ಬದುಗಳಲ್ಲಿ ತಿರುಗುತ್ತಾರೆ. ಉಣ್ಣೆಯ ಎಳೆ ಎಳೆಗೂ ಆ ಪುಡಿ ಕೂತಿರುತ್ತದೆ. ಬೆರಳಲ್ಲಿ ತೆಗೆದು ಮೂಸಿದೆ. ಹನ್ನೊಂದು ಸೀನಿದೆ, ಕಣ್ಣು ಊದಿದವು, ಆದರೆ ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೀನಿಲ್ಲ. ಮದ್ದನ್ನು ಮುಂದಿಟ್ಟು, ರೋಗವನ್ನು ಹೊದಿಸಿ, ನಡುವೆ ನನ್ನನ್ನು ಕೂಡಿಸಿದ್ದರು. ಗಟ್ಟಿಯಾಗಿ ಹೊದ್ದುಕೋ ಎಂದು ನೀವೂ ಬರೆದಿರಿ.

ಹೇಳಿದೆ. ಮನೆ ಹೊತ್ತಿ ಉರಿಯಿತು. "ಕಂಬಳಿಗೆ ಕುಂದು ಹಚ್ತಿ? ಇದರ ಮ್ಯಾಲ ಕುಂತು ತಾಳಿ ಕಟ್ಟಿಸ್ಕೊಂಡಿ! ದೇವರಿಗೆ ಹಾಸೂ ಕಂಬಳಿ ಇದು!" ಎಂದು ಅತ್ತೆ ಕಂಬಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಮಾವ ಕಂಬಳಿ ಹಾಸಿ ಅಡ್ಡಬೀಳು ಎಂದರು. ಬಿದ್ದೆ. ನನಗೇನು, ಅದು ನನ್ನ ಮದುವೆಯ ಗದ್ದುಗೆ. ಬಿದ್ದು ಎದ್ದು ಹೇಳಿದೆ, "ಕಂಬಳಿಗೆ ಕೈ ಮುಗೀತೀನ್ರಿ ಮಾವ. ಆದ್ರ ಸಜ್ಜಿ ಕೊಯ್ಯೋತನಕ ಅದು ಹೊಸ್ತಿಲ ದಾಟಿ ಒಳಗ ಬರಬಾರದು. ಹತ್ತು ದಿನ ನಾ ಹೇಳಿದಂಗ ನಡೀಲಿ. ಹನ್ನೊಂದನೇ ದಿನ ಹಿಂಗ ಇದ್ರ ಪೆಟ್ಟಿಗಿ ನಾನ ಎತ್ತಿ ಬಂಡಿಗಿ ಇಡ್ತೀನಿ." ಮಾವ ಗಡ್ಡ ಕೆರೆದುಕೊಂಡು, "ಹತ್ತ ದಿನ" ಎಂದರು.

ಇವತ್ತು ಮೊದಲ ದಿನ. ಕಂಬಳಿ ಹೊರಗೆ ಬೇವಿನ ಗಿಡಕ್ಕೆ. ಇವರು ಬಾನಿಯ ಹತ್ತಿರ ತಲೆ ಮುಖ ತೊಳೆದು, ಪಂಚೆ ಬದಲಿಸಿ ಒಳಗೆ ಬರಬೇಕು. ಹೊಲದ ಕಡೆಯ ಕಿಟಕಿ ಬೆಳಗ್ಗೆ ಮುಚ್ಚಿರಬೇಕು. ಕುದಿಸಿ ಆರಿಸಿದ ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ಎರಡು ಹೊತ್ತು ನಾನು ಮೂಗು ತೊಳೆಯುತ್ತೇನೆ. ಹಬೆ ನೂಲಿನ ಸೀರೆಯಲ್ಲಿ. ಇದರಲ್ಲಿ ನಿಮ್ಮ ಸೀಸೆ ಇಲ್ಲ.

25ಕ್ಕೆ ಬರುವುದಾದರೆ ಬನ್ನಿ. ಬರುವ ಮೊದಲು ಆ ಎರಡು ಸಾಲಿಗೆ ಏನು ಹೇಳುತ್ತೀರಿ ಎಂದು ಬರೆಯಿರಿ.

ಜಂಬಮ್ಮ

ಆದೋನಿ
18-9-1939

ಜಂಬಮ್ಮಾ,

ಬರೆದವನು ನಾನೇ.

ಹೋದ ವರ್ಷ ನಿನ್ನ ಮೊದಲ ಕಾಗದ ಬರುವ ಎರಡು ದಿನ ಮುಂಚೆ ದವಾಖಾನೆಯಲ್ಲಿ ನಿನ್ನ ವಯಸ್ಸಿನ ಒಂದು ಹೆಣ್ಣು ತೀರಿಹೋಯಿತು. ಆಕೆಗೂ ಮೊದಲು ನೆಗಡಿ ಎಂದೇ ಹೇಳುತ್ತಿದ್ದರಂತೆ. ಸೀಸೆ ತೊಳೆದವನು ನಾನು. ಅದೇ ವಾರ ಮಾವನ ಕಾಗದವೂ ಬಂತು. ಅದನ್ನು ಓದಿದಾಗ ನನಗೆ ಕಂಡದ್ದು ಆ ಹೆಣ್ಣಿನ ಮುಖ. ಡಾಕ್ಟರರನ್ನು ಕೇಳಿದ್ದೇನೆ ಎಂದು ನಿನಗೆ ಬರೆದದ್ದು ಸೀಸೆಯ ಮಟ್ಟಿಗೆ ನಿಜ. ಕ್ಷಯದ ಮಾತನ್ನು ಯಾರನ್ನೂ ಕೇಳಲಿಲ್ಲ. ಹತ್ತು ವರ್ಷ ಔಷಧಿ ಬೆರೆಸಿದ ಮೇಲೆ ನನಗೆ ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯಾಯಿತು. ಆಮೇಲೆ ನಿನಗೆ ಹೇಳಲು ಇನ್ನೂ ನಾಚಿಕೆಯಾಯಿತು.

ನಿನ್ನ ಕಾಗದವನ್ನು ಜಯಕ್ಕನಿಗೆ ಓದಿ ಹೇಳಿದೆ. ಎರಡು ದಿನದಿಂದ ನನ್ನೊಂದಿಗೆ ಮಾತಿಲ್ಲ.

25ಕ್ಕೆ ಬಂಡಿ ತರುವುದಿಲ್ಲ. ನೀನು ಬಾ ಎಂದರೆ ಮಾತ್ರ ಬರುತ್ತೇನೆ, ಬರಿಗೈಯಲ್ಲಿ. ನನಗೆ ನೀನು ಎಂದು ಬರೆ.

ಉಚ್ಚೀರಪ್ಪ

ಗೋನೆಗಂಡ್ಲ
24-9-1939

ಅಣ್ಣಾ,

ಹತ್ತು ದಿನ ಮುಗಿದು ಹನ್ನೊಂದನೆಯದೂ ಆಯಿತು.

ಸೀನು ಪೂರ್ತಿ ಹೋಯಿತು ಎಂದು ಬರೆಯುವುದಿಲ್ಲ, ಬರೆದರೆ ನಾನೂ ನಿನ್ನಂತೆ ಕಂಪೌಂಡರಾಗುತ್ತೇನೆ. ಮೊದಲ ಮೂರು ದಿನ ಹೆಚ್ಚೇನೂ ಬದಲಾಗಲಿಲ್ಲ. ಅತ್ತೆ ಪೆಟ್ಟಿಗೆಯ ಕಡೆ ನೋಡಿದರು, ನಾನೂ ನೋಡಿದೆ, ಹೆದರಿಕೆಯಾಗಿತ್ತು. ನಾಲ್ಕನೆಯ ದಿನದಿಂದ ಇಳಿಯಿತು. ಈಗ ದಿನಕ್ಕೆ ಮೂರೋ ನಾಲ್ಕೋ. ಕಣ್ಣು ಉರಿಯುವುದಿಲ್ಲ, ರೊಟ್ಟಿಯ ವಾಸನೆ ಮೂಗಿಗೆ ಬರುತ್ತದೆ.

ಇವರು ದಿನಾ ಬಾನಿಯ ಹತ್ತಿರ ನಿಂತು, "ಕುರೀನೂ ಇಷ್ಟ್ ತೊಳ್ಯಂಗಿಲ್ಲ ನಾವು" ಎಂದು ಗೊಣಗುತ್ತ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಕಂಬಳಿಯನ್ನು ಮಾತ್ರ ನಾನು ಹೇಳುವ ಮೊದಲೇ ಗಿಡಕ್ಕೆ ಹಾಕಿರುತ್ತಾರೆ.

ನಿನ್ನೆ ಬೆಳಗ್ಗೆ ಮಾವ ಉರುಕುಂದಕ್ಕೆ ಹೊರಟರು. ಬೇಕೆಂದೇ ಹನ್ನೊಂದನೆಯ ದಿನ ಇಟ್ಟುಕೊಂಡಿದ್ದರು. ಅತ್ತೆ ದೀಪ ಹಚ್ಚಿ ನಿಂತಿದ್ದರು, ಗಿಡ್ಡಮ್ಮ ಗೋಡೆಯಾಚೆಯಿಂದ ಇಣುಕುತ್ತಿದ್ದಳು. ನಾನು ಉಸಿರು ಬಿಗಿಹಿಡಿದೆ. ಮಾವ ಹೊಸ್ತಿಲ ಮೇಲೆ ಕಾಲಿಟ್ಟರು. ನಾನು ಸೀನಿದೆ. ಒಂದೇ ಒಂದು.

ನಾನು ಮೂಲೆಗೆ ಹೋಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದೆ, ಕೊಟ್ಟ ಮಾತು ನನ್ನದಲ್ಲವೇ? ಅತ್ತೆ ನೀರಿನ ತಂಬಿಗೆ ಹಿಡಿದು ಬಂದರು. ಮಾವ ತಂಬಿಗೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. "ನೀರು ಬ್ಯಾಡ. ಮೂವತ್ತು ಸೀನೂದು ಒಂದಕ್ಕ ಬಂದೈತಿ. ಆ ಒಂದಕ್ಕ ಈರಣ್ಣ ಸಿಟ್ಟಾಗಾಂಗಿಲ್ಲ. ಪೆಟ್ಟಿಗಿ ಬಿಡವ್ವ" ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ತಿರುಗಿ ಕೂಡ ನೋಡಲಿಲ್ಲ. ಓಣಿಯ ಕೊನೆಯಲ್ಲಿ ನಿಂತು, ಮಂತ್ರಾಲಯದ ಕಡೆಯವರಿಗೆ ಇಲ್ಲ ಅಂತ ಹೇಳಿಕಳಿಸು ಎಂದು ಮಗನಿಗೆ ಕೂಗಿದರು. ಓಣಿಗೆಲ್ಲ ಕೇಳಿತು.

ಮಧ್ಯಾಹ್ನ ಅತ್ತೆ ಮನೆಯ ಕಂಚಿನ ತಾಟಿನಲ್ಲಿ ನನಗೆ ಬಡಿಸಿದರು. ಒಳಗೆ, ತಮ್ಮ ಪಕ್ಕದಲ್ಲಿ. ತುಪ್ಪ ಹೆಚ್ಚು ಹಾಕಿದರು.

ನಿನ್ನ ಕಾಗದ ಓದಿದೆ. ನೀನು ಹೆದರಿದ್ದೆ ಎಂಬುದು ನಂಬುವ ಮಾತು. ನನಗೆ ಸಿಟ್ಟು ಇನ್ನೂ ಇದೆ, ಅದು ಇರುವಷ್ಟು ದಿನ ಇರಲಿ. ನೀನು ಬಾ. ಜಯಕ್ಕನನ್ನೂ ಕರೆದುಕೊಂಡು ಬಾ. ಬರುವ ದಾರಿಯೆಲ್ಲ ಸಜ್ಜೆ, ಹೊದ್ದು ಬಂದದ್ದನ್ನು ಗಿಡಕ್ಕೆ ಹಾಕಿ, ಬಾನಿಯಲ್ಲಿ ಮುಖ ತೊಳೆದು ಒಳಗೆ ಬಾ.

ಸೊಟ್ಟ ಅಂಚಿನ ಆ ಅಲ್ಯೂಮಿನಿಯಂ ತಾಟನ್ನು ಎಸೆಯಲು ಅತ್ತೆ ಎತ್ತಿಕೊಂಡಿದ್ದರು, ನಾನು ಬಿಡಲಿಲ್ಲ. ಬೂದಿ ಹಾಕಿ ತಿಕ್ಕಿ, ಅದೇ ಗೂಡಿನಲ್ಲಿ ಇಟ್ಟಿದ್ದೇನೆ. ನೀನು ಬಂದ ದಿನ ಎಲ್ಲರ ಪಂಕ್ತಿಯಲ್ಲೇ ನಿನ್ನನ್ನು ಕೂಡಿಸಿ, ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ತುಪ್ಪ, ನನ್ನ ಕೈಯಿಂದಲೇ ಬಡಿಸುತ್ತೇನೆ. ಆ ತಾಟಿನಲ್ಲಿ. ಒಂದೇ ಒಂದು ಹೊತ್ತು, ನೀನು ಅದರಲ್ಲಿ ಉಣ್ಣಬೇಕು.

ನಿನ್ನ ತಂಗಿ
ಜಂಬಮ್ಮ